ಬೋರಮ್ಮನ ಕೋಳಿ ಹರಕೆ, ನಟರಾಜುವಿನ ಸಿಮೆಂಟ್ ಹಲಗೆ

ಕೋಡಿಹಳ್ಳಿಯ ಬೋರಮ್ಮ ಕೋಳಿ ತಿನ್ನುವುದನ್ನು ಬಿಟ್ಟಿದ್ದು ಡಾಕ್ಟರು ಹೇಳಿದರೆಂದಲ್ಲ. ಯಾವ ಸ್ವಾಮಿಗಳ ಉಪದೇಶವನ್ನೂ ಅವಳು ಕೇಳಿದವಳಲ್ಲ. ಅವಳು ಕೋಳಿ ಬಿಟ್ಟಿದ್ದು ಗೋಡೆಯ ದೆಸೆಯಿಂದ.

ಅವಳು ಸೊಸೆಯಾಗಿ ಬಂದಾಗ ಇದ್ದದ್ದು ಮಣ್ಣಿನ ಗೋಡೆಯ ಮನೆ. ಗಂಡ ಸಿದ್ದಯ್ಯನೂ ಅವಳೂ ಹಿಪ್ಪುನೇರಳೆ ಹಾಕಿ, ರೇಷ್ಮೆ ಹುಳ ಸಾಕಿ, ಅದನ್ನು ಕೆಡವಿ ಇಟ್ಟಿಗೆಯ ಮನೆ ಕಟ್ಟಿಸಿದರು. ಗಾರೆಯೂ ಆಯಿತು. ಬಣ್ಣ ಮಾತ್ರ ಆಗಲಿಲ್ಲ. ಏಕೆಂದರೆ ಹುಳ ಸಾಕುತ್ತಿದ್ದದ್ದು ಅದೇ ಮನೆಯ ಹಾಲಿನಲ್ಲಿ, ಬಾಗಿಲಿನಿಂದ ಅಡುಗೆಮನೆಯವರೆಗೆ ತಟ್ಟೆಗಳನ್ನು ಜೋಡಿಸಿ. ಹುಳದ ಮೂಗು ಬಲು ಸೂಕ್ಷ್ಮ. ಬಣ್ಣದ ವಾಸನೆ ಬಡಿದರೆ ಮೇವು ಬಿಟ್ಟು ತಲೆ ಎತ್ತಿಕೊಂಡು ಕೂತುಬಿಡುತ್ತದೆ. ಒಗ್ಗರಣೆಯನ್ನೂ ಹಿತ್ತಲಲ್ಲಿ ಹಾಕುತ್ತಿದ್ದ ಮನೆ ಅದು. ಊದುಬತ್ತಿಯನ್ನು ದೇವರಿಗೆ ತೋರಿಸಿ, ಹಚ್ಚದೆ ಎತ್ತಿಡುತ್ತಿದ್ದರು. ಬಣ್ಣದವನು ಬಂದು ಕೇಳಿದಾಗಲೆಲ್ಲ ಬೋರಮ್ಮ ಬಾಗಿಲಲ್ಲೇ ತಡೆದು, "ಈಗ ಬ್ಯಾಡ ಕಣಪ್ಪ, ಹುಳ ಜ್ವರದಲ್ಲವೆ" ಎನ್ನುತ್ತಿದ್ದಳು. ಹುಳ ಪೊರೆ ಬಿಡುವುದಕ್ಕೆ ನಮ್ಮ ಕಡೆ ಜ್ವರ ಅನ್ನುತ್ತಾರೆ. ಒಂದು ಬೆಳೆಯ ಜ್ವರ ಇಳಿಯುವಷ್ಟರಲ್ಲಿ ಇನ್ನೊಂದು ಬೆಳೆಯ ಜ್ವರ ಏರಿರುತ್ತಿತ್ತು. ಹೀಗೆ ಮನೆ ವರ್ಷಾನುಗಟ್ಟಲೆ ಬೂದು ಬಣ್ಣದಲ್ಲೇ ನಿಂತಿತು.

ಆಗಲೇ ಸಿದ್ದಯ್ಯನ ಅತ್ತಿಗೆ ಸಾಕಮ್ಮ ಮೇಲಿನ ಬೀದಿಯಲ್ಲಿ ಹೊಸ ಮನೆ ಕಟ್ಟಿಸಿ, ಒಳಗೂ ಹೊರಗೂ ಗುಲಾಬಿ ಬಣ್ಣ ಹೊಡೆಸಿ, ಗೃಹಪ್ರವೇಶದ ಮಾರನೆ ದಿನ ಬಾಡೂಟ ಹಾಕಿಸಿದಳು. ಪಂಕ್ತಿಯಲ್ಲಿ ಬೋರಮ್ಮ ಕೂತಿದ್ದಳು. ಸಾಕಮ್ಮ ತಾನೇ ಸಾರಿನ ಬಕೆಟ್ ಹಿಡಿದುಕೊಂಡು ಬಂದಳು.

"ತಿನ್ನು ಬೋರಿ, ನಾಚ್ಕೋಬ್ಯಾಡ. ಬಣ್ಣದ ಗೋಡೆ ನೋಡ್ಕಂಡು ಉಂಡ್ರೆ ಒಂದ್ ಮುದ್ದೆ ಜಾಸ್ತಿ ಹೋಯ್ತದೆ. ನಿಮ್ಮನೇಲಿ ಗೋಡೆಗೆ ಒರಗಿದ್ರೆ ಬೆನ್ನೆಲ್ಲ ಬೂದಿ, ಎದ್ ಬಂದೋರು ಬೈರಾಗಿಯಂಗೆ ಕಾಣ್ತಾರೆ."

ಪಂಕ್ತಿ ಪೂರ್ತಿ ನಕ್ಕಿತು. ಬೋರಮ್ಮ ಬಾಯಿಗೆ ಹೋಗುತ್ತಿದ್ದ ತುಂಡನ್ನು ಎಲೆಯ ಮೇಲೆ ಇಟ್ಟಳು. ಎಲ್ಲರಿಗೂ ಕೇಳುವಂತೆ ಹೇಳಿದಳು:

"ತಾಯಿ ಕಬ್ಬಾಳಮ್ಮ, ಕೇಳಿಸ್ಕೊ. ನನ್ ಮನೆ ಒಳಗೆ ಅಂಗೈಯಗಲ ಸಿಮೆಂಟೂ ಕಾಣ್ದಂಗೆ ಆಗೋಗಂಟ ನಾನು ಕೋಳಿ ಮುಟ್ಟಕಿಲ್ಲ. ಆದ ದಿನ ನಿನ್ ಹೆಸ್ರಲ್ಲಿ ಹುಂಜ ಕೊಯ್ದು ಊರಿಗೆ ಉಣ್ಣುಸ್ತೀನಿ."

ಪಕ್ಕದಲ್ಲಿದ್ದ ಸಿದ್ದಯ್ಯ ಮಾತು ಕಡಿಮೆಯ ಮನುಷ್ಯ. ಅವನು ಮೆಲ್ಲಗೆ, "ಎಲೇಲಿರೋದನ್ನ ತಿಂದ್ಬುಟ್ಟು ಹರಕೆ ಕಟ್ಕೋಬೋದಿತ್ತಲ್ಲ" ಎಂದ. ಅವಳು ಎಲೆಯನ್ನು ಅವನ ಕಡೆ ಸರಿಸಿದಳು. ಅವನು ತುಂಡು ಹಾಳಾಗದಂತೆ ನೋಡಿಕೊಂಡ.

ಹರಕೆಯ ವಿಷಯದಲ್ಲಿ ಬೋರಮ್ಮನಷ್ಟು ಕಟ್ಟುನಿಟ್ಟಿನವರನ್ನು ನಾನು ಕಂಡಿಲ್ಲ. ಮೊಟ್ಟೆ ತಿನ್ನಬಹುದೇ ಎಂದು ಯಾರೋ ಕೇಳಿದ್ದಕ್ಕೆ, "ಕಾವು ಕೊಟ್ರೆ ಅದೂ ಕೋಳೀನೇಯ" ಎಂದು ಮೊಟ್ಟೆಯನ್ನೂ ಬಿಟ್ಟಳು. ಕುರಿ ಮಾಂಸಕ್ಕೆ ಹರಕೆಯಿಲ್ಲವಲ್ಲ ಎಂದರೆ, "ಕುರಿ ನಂಗೆ ಮೊದ್ಲಿಂದಲೂ ಸೇರಕಿಲ್ಲ, ಸೇರ್ದೆ ಇರೋದನ್ನ ಬುಟ್ರೆ ಏನ್ ಬಂತು, ತಿಂದ್ರೆ ಏನ್ ಬಂತು" ಎನ್ನುತ್ತಿದ್ದಳು. ಆದರೆ ವಾಸನೆಗೆ ಹರಕೆ ಇಲ್ಲವೆಂಬುದು ಅವಳ ತೀರ್ಮಾನ. ಪಕ್ಕದ ಮನೆಯಲ್ಲಿ ನಾಟಿ ಕೋಳಿ ಸಾರು ಕುದಿಯುವ ದಿನ ಅವಳು ಆ ಕಡೆಯ ಗೋಡೆಯ ಹತ್ತಿರ ಸೊಪ್ಪು ಬಿಡಿಸಿಕೊಂಡು ಕೂರುತ್ತಿದ್ದಳು. ಗಾಳಿ ಬೇರೆ ದಿಕ್ಕಿಗೆ ತಿರುಗಿದರೆ ಸೊಪ್ಪಿನ ಮೊರ ಎತ್ತಿಕೊಂಡು ತಾನೂ ತಿರುಗುತ್ತಿದ್ದಳು. ಬೀಗರೂಟಗಳಲ್ಲಿ ಅನ್ನ ಮಜ್ಜಿಗೆ ಇಟ್ಟುಕೊಂಡು ಕೂತರೆ ಹುಡುಗಾಟದ ಹೆಂಗಸರು, "ಏನತ್ತೆ, ಮಠ ಸೇರ್ಕಂಡ್ಯಾ?" ಎಂದು ರೇಗಿಸುತ್ತಿದ್ದರು.

ಕೊನೆಗೆ ಹುಳಕ್ಕೆಂದು ತೋಟದಲ್ಲೇ ಬೇರೆ ಶೆಡ್ಡು ಎದ್ದಿತು. ಮನೆ ಖಾಲಿಯಾಯಿತು. ಮಾರನೆ ಬೆಳಗ್ಗೆಯೇ ಬಣ್ಣದವನು ಬಂದ. ಹಾಲಿಗೆ ಗಿಳಿಹಸಿರು, ಒಳಗಿನ ಕೋಣೆಗೂ ಅಡುಗೆಮನೆಗೂ ಹಳದಿ. ಬೋರಮ್ಮ ಟಾರ್ಚ್ ಹಿಡಿದು ಅವನ ಹಿಂದೆಯೇ ಓಡಾಡಿದಳು. ಗ್ಯಾಸ್ ಸಿಲಿಂಡರಿನ ಹಿಂದೆ, ಬೀರುವಿನ ಹಿಂದೆ, ಸ್ವಿಚ್ ಬೋರ್ಡಿನ ಸಂದಿಯಲ್ಲಿ, ಎಲ್ಲ ಕಡೆ ಬೆಳಕು ಬಿಟ್ಟು ನೋಡಿದಳು. "ಅಲ್ಲಿ ಯಾರ್ ನೋಡ್ತಾರೆ ಅಜ್ಜಿ?" ಎಂದು ಅವನು ಗೊಣಗಿದ. "ನೋಡೋಳು ನೋಡ್ತಾಳೆ, ನೀನ್ ಹೊಡಿ" ಎಂದಳು.

ಮುಂದಿನ ಭಾನುವಾರ ಹರಕೆಯ ಊಟವೆಂದು ಗೊತ್ತಾಯಿತು. ಬೋರಮ್ಮ ತಂಗಿಯ ಮನೆಯವರನ್ನು ಕರೆಯಲು, ಅಲ್ಲಿಂದಲೇ ಒಂದು ಒಳ್ಳೆಯ ಹುಂಜ ತರಲು ಉಯ್ಯಂಬಳ್ಳಿಯ ಬಸ್ಸು ಹತ್ತಿದಳು. ಅವಳು ಅಲ್ಲಿ ಉಳಿದ ಆ ಕೆಲವು ದಿನಗಳಲ್ಲೇ ಆಗಬಾರದ್ದು ಆಯಿತು.

ಮಗ ನಟರಾಜು ಕನಕಪುರದಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿದ್ದಾನೆ. ಮೊಳೆ, ಪೈಪು, ನಲ್ಲಿಗಳ ಜೊತೆಗೆ ಆಗತಾನೆ ಕಾಂಕ್ರೀಟ್ ಪ್ಯಾನೆಲ್‌ಗಳನ್ನು ತರಿಸಿದ್ದ. ಮನೆಯ ಒಳಗೋಡೆಗೆ ಅಂಟಿಸುವ, ತೆಳುವಾದ, ದೊಡ್ಡ ದೊಡ್ಡ ಸಿಮೆಂಟ್ ಹಲಗೆಗಳು. ಬಣ್ಣ ಹೊಡೆಯುವಂತಿಲ್ಲ, ಬೂದಿಯಾಗಿ ಕಾಣುವುದೇ ಅದರ ಅಂದ. ಬಂದ ಗಿರಾಕಿಗಳೆಲ್ಲ ಅದನ್ನು ತಟ್ಟಿ ನೋಡಿ, "ಯಾರಾದ್ರೂ ಮನೇಲಿ ಹಾಕ್ಸವ್ರಾ? ತೋರ್ಸು" ಎನ್ನುತ್ತಿದ್ದರು. ಯಾರೂ ಹಾಕಿಸಿರಲಿಲ್ಲ. ಮಾಗಡಿ ಕಡೆಯ ಒಬ್ಬರಂತೂ, "ಭಾನುವಾರ ನಿಮ್ಮೂರ್ ಕಡೇಗೆ ಬತ್ತೀನಿ, ಎಲ್ಲಾದ್ರೂ ಗೋಡೆ ತೋರ್ಸಿದ್ರೆ ನೋಡಾನ" ಎಂದಿದ್ದರು. ನಟರಾಜುವಿನ ಹೆಂಡತಿ ಶ್ವೇತ ಕನಕಪುರದ ಪೇಟೆಯವಳು. ಅವಳಿಗೆ ಅತ್ತೆಯ ಗಿಳಿಹಸಿರು ಕಂಡರೆ ತಲೆನೋವು. ಫೋನಿನಲ್ಲಿ ಬೂದು ಗೋಡೆಗಳನ್ನು ನೋಡಿ ನೋಡಿ ಆಸೆಪಟ್ಟಿದ್ದಳು. ಗಂಡ ಹೆಂಡತಿ ಸೇರಿ, ನಮ್ಮ ಹಾಲಿನ ಗೋಡೆಗೇ ಹಾಕಿಸಿ ಅವ್ವನಿಗೆ ಸರ್‌ಪ್ರೈಸ್ ಕೊಡೋಣವೆಂದು ತೀರ್ಮಾನಿಸಿದರು.

ಹರಕೆ ನಟರಾಜುವಿಗೆ ಮರೆತಿರಲಿಲ್ಲ. ಹರಕೆ ಗಾರೆಯ ಸಿಮೆಂಟಿಗೆ, ಇದು ಶೋರೂಮಿನ ಸಿಮೆಂಟು, ಎರಡಕ್ಕೂ ಸಂಬಂಧವಿಲ್ಲ ಎಂದು ಅವನು ನಿಜವಾಗಿಯೂ ನಂಬಿದ್ದ.

ಹಲಗೆ ಕೂರಿಸಲು ಚನ್ನಪಟ್ಟಣದಿಂದ ಫಕ್ರುದ್ದೀನ್ ಬಂದ. ಅವನ ಮನೆಯವರು ಮರದ ಗೊಂಬೆ ಮಾಡುವವರು. "ನಮ್ಮಪ್ಪ ಜೀವಮಾನವೆಲ್ಲ ಗೊಂಬೆಗೆ ಬಣ್ಣ ಹಾಕಿದ್ರು, ಮಗ ನಾನು ಬಣ್ಣದ ಮೇಲೆ ಬೂದಿ ಹಾಕ್ತಾ ಇದೀನಿ" ಎಂದು ತಾನೇ ನಗುತ್ತ, ಅಂಟು ಬಳಿದು, ಸ್ಕ್ರೂ ಬಿಗಿದು, ಮೇಲೆ ನೀರು ಹಿಡಿಯದ ಎಣ್ಣೆ ಸವರಿ, ಇಡೀ ಗೋಡೆ ಮುಚ್ಚಿದ.

ಬೋರಮ್ಮ ಬಸ್ಸಿಳಿದು ಕಂಕುಳಲ್ಲಿ ಹುಂಜ ಇಟ್ಟುಕೊಂಡು ಬೀದಿಯಲ್ಲಿ ಬರುವಾಗ ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಕೆಲಸ ಬಿಟ್ಟು ಅವಳ ಹಿಂದೆ ಸೇರಿಕೊಂಡರು. ಅವಳು ಬಾಗಿಲಲ್ಲಿ ನಿಂತಳು. ಹುಂಜವೂ ಕತ್ತು ಉದ್ದ ಮಾಡಿ ಒಳಗೆ ನೋಡಿತು.

"ನಟರಾಜಾ."

"ಏನವ್ವ? ಎಂಗೈತೆ?"

"ನನ್ ಬಣ್ಣ ಎಲ್ಲೋಯ್ತುಲಾ?"

"ಹಿಂದ್ಗಡೇನೇ ಐತೆ ಕಣವ್ವ, ಎಲ್ಲೂ ಹೋಗಿಲ್ಲ. ಅದ್ರ ಮ್ಯಾಲೆ ಪ್ಯಾನೆಲ್ ಹಾಕ್ಸಿವ್ನಿ. ದೊಡ್ ದೊಡ್ಡೋರ ಮನೇಲೆಲ್ಲ ಈಗ ಇದೇಯ."

"ದೊಡ್ಡೋರ ಮನೇಲೂ ಹುಳ ಜ್ವರದಲ್ಲವಾ? ಬಣ್ಣ ಹೊಡ್ಸಕ್ಕೆ ಏನ್ ರೋಗ ಅವ್ರಿಗೆ?"

ಅವಳು ಒಳಗೆ ಬಂದು ಹಲಗೆಯ ಮೇಲೆ ಬೆರಳಾಡಿಸಿದಳು. "ಗೆದ್ಲು ತಿಂದಂಗೆ ತೂತು ಬೇರೆ!"

"ತೂತು ಫ್ಯಾಕ್ಟರೀಲೇ ಬರೋದಮ್ಮ" ಎಂದ ಫಕ್ರುದ್ದೀನ್, ಏಣಿಯ ಮೇಲಿಂದ. "ತೂತಿದ್ರೇನೇ ಫಸ್ಟ್ ಕ್ವಾಲಿಟಿ."

ಬೋರಮ್ಮ ಸೋಫಾದ ಕಾಲಿಗೆ ಹುಂಜ ಕಟ್ಟಿ, ನೆಲದ ಮೇಲೆ ಕೂತು, ತಲೆಯ ಮೇಲೆ ಕೈಯಿಟ್ಟಳು. "ಅಂಗೈಯಗಲ ಅಂದಿದ್ದೆ ಕಣವ್ವ ತಾಯಿ. ಗೋಡೆಯಗಲ ಕೊಟ್ಬುಟ್ಯಲ್ಲ" ಎಂದಳು. ಆ ಕ್ಷಣ ಅಲ್ಲಿದ್ದವರಿಗೆಲ್ಲ ಅರ್ಥವಾಯಿತು: ಭಾನುವಾರ ಊರೆಲ್ಲ ಉಣ್ಣುತ್ತದೆ, ಅವಳು ಮಾತ್ರ ಅನ್ನ ಮಜ್ಜಿಗೆ ಇಟ್ಟುಕೊಂಡು ಕೂರಬೇಕಾಗುತ್ತದೆ.

ನಟರಾಜುವಿನ ಮುಖ ಸಪ್ಪಗಾಯಿತು. ಕಿತ್ತುಬಿಡೋಣವೆಂದು ಅವನೇ ಹೇಳಿದ. ಫಕ್ರುದ್ದೀನ್ ತಲೆ ಅಲ್ಲಾಡಿಸಿದ. "ಅಂಟು ಹಾಕಿದೀನಿ ಅಣ್ಣಾ. ಕಿತ್ರೆ ಬಣ್ಣವೂ ಬರತ್ತೆ, ಗಾರೆಯೂ ಬರತ್ತೆ. ಇನ್ನೂ ಜಾಸ್ತಿ ಸಿಮೆಂಟ್ ಕಾಣತ್ತೆ." ಹಲಗೆಯ ಮೇಲೆಯೇ ಬಣ್ಣ ಹೊಡೆದರೆ? ಎಣ್ಣೆ ಸವರಿದ ಮೇಲೆ ಬಣ್ಣ ಹಿಡಿಯುವುದಿಲ್ಲವಂತೆ.

ಶ್ವೇತ ಒಂದು ರೇಷ್ಮೆ ಸೀರೆ ತಂದಳು. "ಅತ್ತೆ, ಭಾನುವಾರ ಒಂದಿನ ಇದನ್ನ ಪರದೆ ತರ ಕಟ್ಬಿಡೋಣ. ಸಿಮೆಂಟ್ ಕಾಣೋದೇ ಇಲ್ಲ."

"ನಮ್ ಕಣ್ಣಿಗೆ ಕಾಣಕಿಲ್ಲ. ತಾಯಿ ಕಣ್ಣಿಗೆ ಸೀರೆ ಅಡ್ಡ ಆಯ್ತದಾ?"

"ಹಂಗಾದ್ರೆ ಬಣ್ಣ ಅಡ್ಡ ಆಗುತ್ತಾ ಅತ್ತೆ? ಬಣ್ಣದ ಹಿಂದೆ ಇರೋದೂ ಸಿಮೆಂಟೇ ಅಲ್ವಾ?"

ಬೋರಮ್ಮ ಸೀರೆಯನ್ನು ಮಡಿಸಿ ಸೊಸೆಯ ಕೈಗೆ ಕೊಟ್ಟಳು. "ಓದಿರೋರನ್ನ ಮನೆಗ್ ತಂದ್ಕಂಡ್ರೆ ದೇವ್ರಿಗೂ ಪಾಠ ಹೇಳ್ತಾರೆ" ಎಂದು ಎದ್ದು ಹೋಗಿ ಕಾಲು ತೊಳೆದುಕೊಂಡಳು.

ಮಾರನೆ ಬೆಳಗ್ಗೆ ಹಾಲಿನಿಂದ ಜೋರಾದ ಸದ್ದು ಕೇಳಿ ಎಲ್ಲರೂ ಓಡಿ ಬಂದರು. ಸಿದ್ದಯ್ಯ ತೋಟಕ್ಕೆ ನೀರು ಬಿಡುವ ಹಸಿರು ಪೈಪನ್ನು ಕಿಟಕಿಯಿಂದ ಒಳಗೆಳೆದುಕೊಂಡು, ಪಂಚೆ ಎತ್ತಿ ಕಟ್ಟಿ, ಹಲಗೆಗಳಿಗೆ ಮೇಲಿಂದ ಕೆಳಗೆ ನೀರು ಹೊಡೆಯುತ್ತಿದ್ದ. ಸೋಫಾ ತೇಲುವುದೊಂದು ಬಾಕಿ. ಹುಂಜ ಸೋಫಾದ ಬೆನ್ನೇರಿ ನಿಂತಿತ್ತು.

"ಅಪ್ಪಾ! ಏನ್ ಮಾಡ್ತಿದ್ದೀಯಾ?" ಎಂದು ನಟರಾಜು ಕೂಗಿದ.

"ಕ್ಯೂರಿಂಗು" ಎಂದ ಸಿದ್ದಯ್ಯ, ತಿರುಗಿ ನೋಡದೆ. "ಹೊಸ ಸಿಮೆಂಟು ಕಣ್ಲಾ. ನೀರ್ ಹೊಡೀದಿದ್ರೆ ಬಿರುಕು ಬುಡ್ತದೆ. ಯಾರೂ ಹೊಡೀಲಿಲ್ವಲ್ಲ ಅಂತ ನಾನೇ ಹೊಡೀತಿವ್ನಿ."

ಅವನ ತಪ್ಪೆನ್ನಲಾಗದು. ನಮ್ಮ ಕಡೆ ಹೊಸ ಸಿಮೆಂಟು ಕಂಡರೆ ದಾರಿಹೋಕರೂ ಒಂದು ಚೊಂಬು ನೀರು ಹೊಯ್ದು ಹೋಗುತ್ತಾರೆ. ಅವನಿಗೆ ಒಂದೇ ಸಂಶಯ: "ಎಷ್ಟ್ ಹೊಡುದ್ರೂ ಕುಡೀತಿಲ್ಲ ಕಣ್ಲಾ ಇದು. ಬಾಯಾರ್ಕೇನೇ ಇಲ್ದಿರೋ ಸಿಮೆಂಟು, ಎಲ್ಲಿಂದ ತಂದೆ?"

ಅವತ್ತು ಶುಕ್ರವಾರ. ಸೋಫಾವನ್ನು ಬಿಸಿಲಿಗೆ ಹಾಕಿ, ಬೋರಮ್ಮ ಊರಿನ ಕಬ್ಬಾಳಮ್ಮನ ಗುಡಿಗೆ ಹೊರಟಳು. ಸಂದೇಹ ಬಂದರೆ ತಾಯಿಯನ್ನೇ ಕೇಳುವುದು ಇಲ್ಲಿಯ ಪದ್ಧತಿ. ವಿಗ್ರಹದ ಎಡಕ್ಕೂ ಬಲಕ್ಕೂ ಒದ್ದೆ ಹೂ ಅಂಟಿಸಿ ಪ್ರಶ್ನೆ ಕೇಳುತ್ತಾರೆ. ಬಲದ ಹೂ ಬಿದ್ದರೆ ಆಗಲಿ ಎಂದು, ಎಡದ್ದು ಬಿದ್ದರೆ ಬೇಡವೆಂದು. ಹುಂಜವನ್ನು ಸಿದ್ದಯ್ಯನ ಕೈಯಲ್ಲಿ ಬಿಡಲು ಧೈರ್ಯ ಸಾಲದೆ ಅವಳು ಜೊತೆಗೇ ತೆಗೆದುಕೊಂಡು ಹೋದಳು. ನಟರಾಜುವೂ ಹಿಂದೆ ಹೋದ.

ಪೂಜಾರಿ ಕೃಷ್ಣಪ್ಪ ಕೈಮುಗಿದು ಕೇಳಿದ: "ತಾಯಿ, ಬೋರಮ್ಮನ ಮನೆ ಹಾಲಲ್ಲಿ ಪ್ಯಾನೆಲ್ ಹಾಕವ್ರೆ. ಅದು ಸಿಮೆಂಟೋ, ಸಿಮೆಂಟಲ್ವೋ?"

ಎರಡೂ ಹೂ ಅಲುಗಲಿಲ್ಲ. ಕಾದರು. ಹುಂಜ ಒಮ್ಮೆ ಕೂಗಿತು. ಹೂ ಅಲುಗಲಿಲ್ಲ.

"ತಾಯಿಗೆ ಪ್ಯಾನೆಲ್ ಅಂದ್ರೆ ಗೊತ್ತಾಗ್ನಿಲ್ಲ ಅಂತ ಕಾಣ್ತದೆ" ಎಂದ ಕೃಷ್ಣಪ್ಪ. "ನಂಗೂ ಗೊತ್ತಿಲ್ಲ. ಏನ್ಲಾ ನಟರಾಜು, ಅದು ಗೋಡೇನಾ, ಗೋಡೆ ಅಂಗೀನಾ?"

"ಫಿನಿಶಿಂಗ್ ಮೆಟೀರಿಯಲ್ ಅಂತಾರೆ ಮಾವ."

"ಸುಮ್ಕಿರು. ಬೋರವ್ವ, ನೀನು ಹರಕೇಲಿ ಏನಂದೆ, ಅದನ್ನೇ ಕೇಳಾನ."

"ಮನೆ ಒಳಗೆ ಸಿಮೆಂಟು ಕಾಣ್ಬಾರ್ದು ಅಂದೆ."

"ಒಳಗೆ ಅಂದ್ರೆ ಎಲ್ಲಿಂದ?"

"ಎಲ್ಲಿಂದ ಅಂದ್ರೆ? ಹೊಸ್ತಿಲಿಂದ. ಹೊಸ್ತಿಲು ದಾಟಿದ ಮ್ಯಾಲೆ ತಾನೆ ಮನೆ."

ಕೃಷ್ಣಪ್ಪ ಮತ್ತೆ ಕೈಮುಗಿದ. "ತಾಯಿ, ಹೊಸ್ತಿಲಿಂದ ಒಳಗೆ ಸಿಮೆಂಟು ಕಾಣ್ದೆ ಇದ್ರೆ ಹರಕೆ ತೀರಿದಂಗಾ?"

ಬಲದ ಹೂ ಮೆಲ್ಲಗೆ ಜಾರಿ ತಟ್ಟೆಗೆ ಬಿತ್ತು.

ನಟರಾಜು ಗೊಣಗಿದ: "ಇದ್ನ ಕೇಳಕ್ಕೆ ಇಲ್ಲೀಗಂಟ ಬರ್ಬೇಕಿತ್ತಾ? ನಮ್ಗೂ ಗೊತ್ತಿತ್ತಲ್ಲ." ಆದರೆ ಬೋರಮ್ಮ ಕಣ್ಣು ಮುಚ್ಚಿ ನಿಂತುಬಿಟ್ಟಿದ್ದಳು. ತಾಯಿ ಪ್ರಸಾದ ಕೊಡುತ್ತಾಳೆ. ಅದನ್ನು ಮಡಿಲಲ್ಲಿ ಕಟ್ಟಿಕೊಂಡು ಅರ್ಥ ಹುಡುಕುವ ಕೆಲಸ ನಮ್ಮದು. ಗುಡಿಯಿಂದ ಮನೆಗೆ ಬರುವ ದಾರಿಯುದ್ದಕ್ಕೂ ಅವಳು ಎರಡೂ ಕಡೆಯ ಮನೆಗಳ ಹೊಸ್ತಿಲನ್ನೇ ನೋಡಿಕೊಂಡು ಬಂದಳು. ಮನೆಯ ಮುಂದೆ ಫಕ್ರುದ್ದೀನ್ ಸಾಮಾನು ಕಟ್ಟುತ್ತಿದ್ದ.

"ಫಕ್ರುದ್ದೀನಪ್ಪ, ನಿನ್ ತಾವು ಗರಗಸ ಐತಾ?"

"ಇದೆ ಅಮ್ಮಾ. ಪ್ಯಾನೆಲ್ ಕುಯ್ಯಬೇಕಾ?" ಅವನ ದನಿಯಲ್ಲಿ ಗಾಬರಿಯಿತ್ತು.

"ಪ್ಯಾನೆಲ್ ಅಲ್ಲ. ಹೊಸ್ತಿಲು."

ಬೀದಿ ಬಾಗಿಲಿನ ಹೊಸ್ತಿಲನ್ನು ಬಿಡಿಸಿ, ಹಾಲಿನಿಂದ ಒಳಕ್ಕೆ ಹೋಗುವ ಬಾಗಿಲಿಗೆ ಕೂರಿಸಬೇಕು. ಅಷ್ಟೇ ಅವಳು ಹೇಳಿದ್ದು. ಶ್ವೇತಳಿಗೆ ಮೊದಲು ಅರ್ಥವಾಯಿತು.

"ಅತ್ತೆ! ಹಂಗಾದ್ರೆ ಹಾಲು?"

"ಇನ್ಮ್ಯಾಲೆ ಅದು ಜಗಲಿ."

"ನನ್ ಸೋಫಾ?"

"ಜಗಲಿ ಮ್ಯಾಲಿರ್ತದೆ. ಬಂದೋರು ಕುಂತ್ಕತಾರೆ."

"ಟಿವಿ?"

"ಜಗಲೀಲಿ ಟಿವಿ ಇದ್ರೆ ಊರೋರ್ಗೂ ಒಳ್ಳೇದಲ್ವಾ?"

ಹೊಸ್ತಿಲು ಲಕ್ಷ್ಮಿ ಇರುವ ಜಾಗ, ಸುಮ್ಮನೆ ಕಿತ್ತು ಎಸೆಯುವ ವಸ್ತುವಲ್ಲ. ಬೋರಮ್ಮ ಅರಿಸಿನ ಕುಂಕುಮ ಇಟ್ಟು, ಕಾಯಿ ಒಡೆದು, "ಒಸಿ ಒಳೀಕ್ ಬಾ ತಾಯಿ, ದೂರ ಇಲ್ಲ" ಎಂದು ಬೇಡಿಕೊಂಡಳು. ಫಕ್ರುದ್ದೀನ್ ಚಪ್ಪಲಿ ಬಿಟ್ಟು, ಎರಡೂ ಕೊನೆ ಕೊಯ್ದು, ಹೊಸ್ತಿಲನ್ನು ಮಗುವಿನಂತೆ ಎತ್ತಿಕೊಂಡು ಹಾಲು ದಾಟಿ ಒಳಬಾಗಿಲಿಗೆ ಕೂರಿಸಿದ. "ಈ ಕೆಲಸ ಯಾವ ಟ್ರೈನಿಂಗಲ್ಲೂ ಹೇಳಿಕೊಡಲಿಲ್ಲಮ್ಮ" ಎಂದ. ಭಾನುವಾರದ ಊಟಕ್ಕೆ ಅವನನ್ನೂ ಕರೆದಳು. ಹಲಾಲ್ ಮಾಡಿದ್ದನ್ನು ಮಾತ್ರ ತಾನು ತಿನ್ನುವುದೆಂದು ಅವನು ಸಂಕೋಚದಿಂದ ಹೇಳಿದಾಗ, "ನಿನ್ಗೂ ಒಂದ್ ಕಟ್ಟುನಿಟ್ಟು ಐತಲ್ಲ, ಒಳ್ಳೇದಾಯ್ತು" ಎಂದು ತುಂಬ ಸಂತೋಷಪಟ್ಟು, ಅವನಿಗೆಂದು ಒಬ್ಬಟ್ಟು ಮಾಡಿದಳು.

ಬೀದಿ ಬಾಗಿಲ ಕೆಳಗೆ ಹೊಸ್ತಿಲಿದ್ದ ಜಾಗ ಖಾಲಿಯಾಗಿತ್ತು. ಸಂಜೆಯೊಳಗೆ ಪಕ್ಕದ ಮನೆಯ ಕೋಳಿಗಳಿಗೆ ಅದು ಗೊತ್ತಾಯಿತು.

ಭಾನುವಾರ ಊರು ಬಂತು. ಎಲ್ಲರಿಗಿಂತ ಮೊದಲು ಸಾಕಮ್ಮ ಬಂದಳು. ಬೀದಿ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಕಾಲಿಟ್ಟು, ಗೋಡೆ ನೋಡಿ, ಎರಡೂ ಕೈಯನ್ನು ಕೆನ್ನೆಗೆ ಹಚ್ಚಿಕೊಂಡಳು. ಅವಳ ಮುಖದಲ್ಲಿ ದೀಪ ಹಚ್ಚಿದಂತಾಯಿತು.

"ಅಯ್ಯೋ ಬೋರಿ! ಇನ್ನೂ ಬಣ್ಣ ಹೊಡ್ಸಿಲ್ವಾ?"

ಬೋರಮ್ಮ ಒಳಬಾಗಿಲಲ್ಲಿ ನಿಂತಿದ್ದಳು. "ಅಕ್ಕಾ, ಅಲ್ಯಾಕೆ ಚಪ್ಲಿ ಬುಟ್ಟೆ? ಹಾಕ್ಕೊಂಡು ಬಾ. ಇನ್ನೂ ಆಚೇಲೇ ಇದ್ದೀಯ ನೀನು. ಮನೆ ಇಲ್ಲಿಂದ."

ಸಾಕಮ್ಮ ಅರಿಸಿನ ಹಚ್ಚಿದ ಹೊಸ್ತಿಲನ್ನು ನೋಡಿದಳು. ಹಾಲಿನಲ್ಲಿ ಸೋಫಾದ ಮೇಲೆ ಕೂತು ಬೀಡಿ ಸೇದುತ್ತಿದ್ದ ಸಿದ್ದಯ್ಯನನ್ನು ನೋಡಿದಳು. ಟಿವಿಯ ಮುಂದೆ ಮೇಯುತ್ತಿದ್ದ ಕೋಳಿಗಳನ್ನು ನೋಡಿದಳು. ಹೋಗಿ ಚಪ್ಪಲಿ ಮೆಟ್ಟಿಕೊಂಡು ಬಂದು, ಹೊಸ್ತಿಲ ಮುಂದೆ ಬಿಟ್ಟು, ದಾಟಿದಳು. ಒಳಗೆ ಹಳದಿ ಗೋಡೆಗಳು. ಅವಳು ಬೀರುವಿನ ಹಿಂದೆ ಬಗ್ಗಿದಳು. ಗ್ಯಾಸ್ ಸಿಲಿಂಡರನ್ನು ಒಸಿ ಸರಿಸಿದಳು.

"ಟಾರ್ಚ್ ಬೇಕಾ ಅಕ್ಕ?" ಎಂದಳು ಬೋರಮ್ಮ.

ಪೂಜೆಯಾಯಿತು, ಹುಂಜವೂ ಆಯಿತು. ಮೊದಲ ಪಂಕ್ತಿಗೆ ಎಲೆ ಹಾಕಿದಾಗ ಮನೆಯ ಹಿರಿಯಳೆಂದು ಸಾಕಮ್ಮನೇ ಬೋರಮ್ಮನ ಎಲೆಗೆ ಬಡಿಸಬೇಕಾಯಿತು. ಸುತ್ತ ಎಲ್ಲರೂ ಕೈ ನಿಲ್ಲಿಸಿ ನೋಡುತ್ತಿದ್ದರು. ಬೋರಮ್ಮ ಕಣ್ಣಿಗೊತ್ತಿಕೊಂಡು ಬಾಯಿಗಿಟ್ಟಳು. ಅಗಿದಳು. ನಿಧಾನವಾಗಿ ಅಗಿದಳು. ಏನಾದರೂ ಹೇಳುತ್ತಾಳೆಂದು ಕಾದವರಿಗೆ ಅವಳು ಹೇಳಿದ್ದು, "ಸಾರು ಇಲ್ಲಿ ಬುಡಿ" ಎಂದಷ್ಟೇ. ಆಮೇಲೆ ತಲೆ ಎತ್ತಲಿಲ್ಲ. ಎರಡನೆ ಪಂಕ್ತಿಯವರು ಹಾಲಿನಲ್ಲಿ ಹಲಗೆಗಳಿಗೆ ಬೆನ್ನು ಕೊಟ್ಟು ಸಾಲಾಗಿ ಕಾದರು. ಯಾರ ಬೆನ್ನಿಗೂ ಬೂದಿ ಹತ್ತಲಿಲ್ಲವೆಂಬುದು ಸಾಕಮ್ಮನಿಗೂ ಕಾಣಿಸಿತು.

ಅದೇ ಹೊತ್ತಿಗೆ ಮಾಗಡಿಯ ಗಿರಾಕಿಯೂ ಬಂದರು. ಹಲಗೆಗೆ ಒರಗಿದವರನ್ನು, ಕೋಳಿಗಳನ್ನು, ಬೀಡಿ ಹೊಗೆಯನ್ನು ನೋಡಿ, "ಜಗಲಿಗೆ ಬಲು ಚೆನ್ನಾಗೈತೆ ಕಣ್ರೀ, ನಮ್ಮನೆ ಜಗಲಿಗೂ ಹಾಕ್ಬುಡಿ" ಎಂದರು. ಇದು ಒಳಗೋಡೆಗೆ ಮಾಡಿದ್ದೆಂದು ಹೇಳಲು ನಟರಾಜು ಬಾಯಿ ತೆರೆದ. ಶ್ವೇತ ಅವನ ಕೈ ಚಿವುಟಿದಳು. ಈಗ ಅವನ ಅಂಗಡಿಯ ಬೋರ್ಡಿನಲ್ಲಿ ಜಗಲಿ ಪ್ಯಾನೆಲ್ ಎಂದೇ ಬರೆದಿದೆ.

ಶ್ವೇತಳಿಗೆ ಮಾತ್ರ ಇನ್ನೂ ಸಮಾಧಾನವಿಲ್ಲ. ದಿನ ಬೆಳಗಾದರೆ ಸೋಫಾದಿಂದ ಪುಕ್ಕ ಕೊಡವುತ್ತಾಳೆ. ಧಾರಾವಾಹಿಯ ಹೊತ್ತಿಗೆ ಅರ್ಧ ಬೀದಿ ಚಪ್ಪಲಿ ಹಾಕಿಕೊಂಡೇ ಬಂದು ಕೂರುತ್ತದೆ. ಮೊನ್ನೆ ಭಾನುವಾರ ನಾನು ಹೋದಾಗ ಬೋರಮ್ಮ ಹೊಸ್ತಿಲ ಒಳಗೆ ಕೂತು ಊಟ ಮಾಡುತ್ತಿದ್ದಳು. ಶ್ವೇತ ಹೊಸ್ತಿಲ ಆಚೆ ಪೊರಕೆ ಹಿಡಿದು ನಿಂತು ಕೇಳಿದಳು:

"ಅತ್ತೆ, ಹರಕೆ ತೀರಿತಲ್ಲ. ಊರಿಗೆ ಉಣ್ಣಿಸಿದ್ದೂ ಆಯ್ತು. ಇನ್ನಾದ್ರೂ ಹೊಸ್ತಿಲನ್ನ ವಾಪಸ್ ಬೀದಿ ಬಾಗಿಲಿಗೆ ಹಾಕ್ಸೋಣ್ವಾ?"

ಬೋರಮ್ಮ ಯೋಚಿಸಿದಳು. ಹಲಗೆಗಳ ಕಡೆ ನೋಡಿದಳು, ಎಲೆಯ ಕಡೆ ನೋಡಿದಳು. ಒಂದು ಮೂಳೆ ಚೀಪಿ ಪಕ್ಕಕ್ಕಿಟ್ಟು ಹೇಳಿದಳು:

"ಯಾಕವ್ವ ತಾಯಿನ ಮತ್ತೆ ಕೆಣಕೋದು? ಕೋಳಿ ಒಳಗೈತೆ, ಸಿಮೆಂಟು ಆಚೆ ಐತೆ. ಎಲ್ಡೂ ಅಲ್ಲಲ್ಲೇ ಇರ್ಲಿ ಬುಡು."